ಹೊರಗಿನ ಪೆಟ್ಟಿಗೆಗೆ ಐಸ್ ಹಿಡಿಯುವುದೇಕೆ?

ತಿಪ್ಪಸಂದ್ರದ ಕಡೆ ಅಭ್ಯಾಸ ಬೋಧನೆಯಲ್ಲಿದ್ದಾಗ ಒಂಬತ್ತನೆಯ ತರಗತಿಗೆ ದ್ರವ್ಯದ ಸ್ಥಿತಿಗಳ ಪಾಠ ಮಾಡಿದೆ. ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆಯ ಒಳಗೋಡೆಗೆ ಹಿಡಿಯುವ ಐಸ್ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ, ‘ಒಳಗಿನ ಗ್ಯಾಸಿನಿಂದ ಸಾರ್.’

ಎರಡು ಸ್ಟೀಲ್ ಲೋಟಗಳನ್ನು ತೆಗೆದುಕೊಂಡೆ. ಒಂದರಲ್ಲಿ ಬರೀ ಪುಡಿ ಐಸ್; ಇನ್ನೊಂದರಲ್ಲಿ ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು. ಹೊರಮೈಯನ್ನು ಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು. ಮೊದಲನೆಯದರ ಮೇಲೆ ನೀರಹನಿ ಕೂತಿತು. ಉಪ್ಪು ಬೆರೆತದ್ದು ಶೂನ್ಯಕ್ಕಿಂತ ಬಹಳ ಕೆಳಗಿಳಿಯುವುದರಿಂದ ಅದರ ಹೊರಮೈ ಬೆಳ್ಳಗಾಯಿತು. ಲೋಟದಲ್ಲಿ ಗ್ಯಾಸಿಲ್ಲ, ತೂತೂ ಇಲ್ಲ. ಬಂದದ್ದು ಗಾಳಿಯ ನೀರಾವಿ ಎಂದು ಮಕ್ಕಳೇ ಹೇಳಿದರು.

ಆಗ ಒಬ್ಬಳು ಎದ್ದಳು. ‘ಕೆನಡಾದಲ್ಲಿರೋ ನಮ್ಮ ಚಿಕ್ಕಮ್ಮನ ಮನೆ ಹೊರಗಿನ ಎ.ಸಿ. ಪೆಟ್ಟಿಗೆಗೆ ಐಸ್ ಹಿಡಿಯುತ್ತಂತೆ, ಆದರೆ ಅದು ಮನೆಯನ್ನು ಬಿಸಿ ಮಾಡುತ್ತಂತೆ. ಹೇಗೆ ಸಾರ್?’ ನಾನು ತಯಾರಾಗಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಪಾಠಯೋಜನೆಯಲ್ಲಿ ಇಂಥ ಉತ್ತರಕ್ಕೂ ಜಾಗವಿರಬೇಕು.

ಅದು ಹೀಟ್ ಪಂಪ್, ತಿರುಗುಮುರುಗಾಗಿ ಓಡುವ ಫ್ರಿಜ್. ಮೈನಸ್ 5 ಡಿಗ್ರಿಯ ಗಾಳಿ ಎಂದರೂ 268 ಕೆಲ್ವಿನ್; ಅದರಲ್ಲಿ ಉಷ್ಣವಿದೆ. ಹೊರಗಿನ ಕೊಳವೆಯ ದ್ರವ ಅದಕ್ಕಿಂತಲೂ ತಣ್ಣಗಿದ್ದರೆ ಉಷ್ಣ ಗಾಳಿಯಿಂದ ಕೊಳವೆಗೆ ಹರಿಯುತ್ತದೆ. ಅಷ್ಟು ತಣ್ಣನೆಯ ಕೊಳವೆ ನಮ್ಮ ಉಪ್ಪಿನ ಲೋಟವೇ ಆಯಿತು. ಐಸ್ ದಪ್ಪವಾದಷ್ಟೂ ಗಾಳಿಯ ದಾರಿ ಮುಚ್ಚಿ ಯಂತ್ರ ಏದುತ್ತದೆ.

ಮಕ್ಕಳಿಗೆ ಅಚ್ಚರಿ ತಂದದ್ದು ಬೇರೆ. ಕಡುಚಳಿಗಿಂತ ಶೂನ್ಯದ ಆಸುಪಾಸಿನ ತೇವದ ದಿನಗಳಲ್ಲೇ ಐಸ್ ಹೆಚ್ಚು. ಕಡುಚಳಿಯ ಗಾಳಿಯಲ್ಲಿ ನೀರಾವಿಯೇ ಕಡಿಮೆ.

ತೆಳು ಪದರಕ್ಕೆ ಹೆದರಬೇಕಿಲ್ಲ. ಯಂತ್ರವೇ ಆಗಾಗ ಕೆಲವು ನಿಮಿಷ ದಿಕ್ಕು ಬದಲಿಸಿ ಬಿಸಿಯನ್ನು ಹೊರಗಿನ ಕೊಳವೆಗೆ ಕಳಿಸಿ ಕರಗಿಸುತ್ತದೆ. ಆಗ ಏಳುವ ಹಬೆಯನ್ನು ಹೊಗೆಯೆಂದುಕೊಳ್ಳುವವರಿದ್ದಾರೆ. ಕರಗಿದ ನೀರು ಹರಿದುಹೋಗದಿದ್ದರೆ ತಳದಲ್ಲೇ ಮತ್ತೆ ಗಟ್ಟುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಸ್ಟ್ಯಾಂಡ್ ಮೇಲೆ, ಹಿಮದ ಮಟ್ಟಕ್ಕಿಂತ ಎತ್ತರದಲ್ಲಿ, ಸೂರಿನ ನೀರು ಬೀಳದ ಕಡೆ ಇಡುತ್ತಾರೆ. ತರಗೆಲೆ, ಹಿಮ ಸುತ್ತ ಸೇರದಂತೆ ತೆಗೆಯುತ್ತಾರೆ. ಚಾಕುವಿನಿಂದ ಕೆರೆಯುವುದು ಅಲ್ಲೂ ಬೇಡ, ನಮ್ಮ ಫ್ರಿಜ್ಜಿಗೂ ಬೇಡ: ಕೊಳವೆ ತೂತಾದರೆ ಗ್ಯಾಸ್ ಸೋರುತ್ತದೆ, ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಹೊತ್ತಿಕೊಳ್ಳುವಂಥದ್ದು.

ಮರುದಿನ ಇಷ್ಟನ್ನು ಯಂತ್ರದ ಚಿತ್ರ ಬರೆಯದೆ, ಲೋಟವನ್ನೇ ತೋರಿಸಿ ಹೇಳಿದೆ. ಚಿತ್ರ ಮೊದಲು ಬಂದಿದ್ದರೆ ಮಕ್ಕಳು ಬಾಣದ ಗುರುತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಆ ಹುಡುಗಿ ಚಿಕ್ಕಮ್ಮನಿಗೆ ಕೇಳಲು ಒಂದು ಪ್ರಶ್ನೆ ಬರೆದುಕೊಂಡಳು: ‘ನಿಮ್ಮ ಪೆಟ್ಟಿಗೆ ನೆಲದಿಂದ ಎಷ್ಟು ಎತ್ತರದಲ್ಲಿದೆ?’