ಹಾಲು ಒಡೆಯುವುದೇಕೆ?



ಹೋದ ತಿಂಗಳು ಒಂದು ಸಂಘದ ಸಭೆ ಮುಗಿದ ಮೇಲೆ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: "ಡಾಕ್ಟ್ರೇ, ಕರೆದ ಅರ್ಧ ಗಂಟೆಯೊಳಗೆ ಹಾಲು ಡೇರಿಗೆ ತಂದಿದ್ದೆ. ಹುಳಿ ವಾಸನೆ ಇರಲಿಲ್ಲ. ನಳಿಕೆಯಲ್ಲಿ ಸ್ಪಿರಿಟ್ ಹಾಕಿದ ಕೂಡಲೇ ಒಡೆದುಹೋಯ್ತು. ಎಂಟು ಲೀಟರ್ ವಾಪಸ್. ನಾನೇನು ಮೋಸ ಮಾಡಿದೆನಾ?" ಪಕ್ಕದಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಅಲ್ಲಿ ಎರಡು ಮಾತಿನಲ್ಲಿ ಹೇಳಿ ಬಂದೆ. ಪೂರ್ತಿ ಉತ್ತರ ಇಲ್ಲಿದೆ.

ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಹಾಲು ಬೆಳ್ಳಗೆ ಕಾಣುವುದಕ್ಕೆ ಕೊಬ್ಬಿನ ಜೊತೆ ಈ ಉಂಡೆಗಳೂ ಕಾರಣ. ಪ್ರೋಟೀನ್ ಎಂದರೆ ಮಣಿಸರ ಎಂದುಕೊಳ್ಳಿ. ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ; ಒಟ್ಟು 20 ಬಗೆ. ಪ್ರತಿ ಮಣಿಗೂ ಪಕ್ಕಕ್ಕೆ ಚಾಚಿದ ಒಂದು ಕುಚ್ಚು ಇರುತ್ತದೆ. ಮಣಿಯಿಂದ ಮಣಿಗೆ ವ್ಯತ್ಯಾಸ ಇರುವುದು ಈ ಕುಚ್ಚಿನಲ್ಲೇ.

ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ ಎಂಬ ಮಣಿಗಳ ಕುಚ್ಚಿನ ತುದಿಯಲ್ಲಿ ಒಂದು ಹೈಡ್ರೋಜನ್ ಸಡಿಲವಾಗಿ ಕೂತಿರುತ್ತದೆ. ತಾಜಾ ಹಾಲಿನಲ್ಲಿ ಅದು ಕಳಚಿಕೊಂಡು ಹೋಗುತ್ತದೆ. ಹೋಗುವಾಗ ಧನ ವಿದ್ಯುತ್ತನ್ನು ತನ್ನ ಜೊತೆ ಒಯ್ಯುವುದರಿಂದ ಕುಚ್ಚಿನಲ್ಲಿ ಋಣ ವಿದ್ಯುತ್ ಉಳಿಯುತ್ತದೆ. ಕೇಸೀನಿನಲ್ಲಿ ರಂಜಕ ಅಂಟಿಕೊಂಡ ಮಣಿಗಳೂ ಇವೆ, ಅವೂ ಹೀಗೇ. ಲೈಸೀನ್‌ನಂಥ ಮಣಿಗಳದು ಉಲ್ಟಾ ಸ್ವಭಾವ: ಹೈಡ್ರೋಜನ್ ಹಿಡಿದುಕೊಂಡು ಧನ ವಿದ್ಯುತ್ ಪಡೆಯುತ್ತವೆ. ಒಟ್ಟು ಲೆಕ್ಕ ಹಾಕಿದರೆ ತಾಜಾ ಹಾಲಿನಲ್ಲಿ ಋಣದ್ದೇ ಮೇಲುಗೈ.

ಒಣಗಿದ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿದಾಗ ಎಳೆಗಳು ಒಂದನ್ನೊಂದು ದೂಡಿಕೊಂಡು ನಿಲ್ಲುವುದನ್ನು ನೋಡಿದ್ದೀರಿ. ಎಲ್ಲದರಲ್ಲೂ ಒಂದೇ ಬಗೆಯ ವಿದ್ಯುತ್ ಇದ್ದರೆ ಹೀಗಾಗುತ್ತದೆ. ಕೇಸೀನ್ ಉಂಡೆಗಳೂ ಹಾಗೇ ದೂಡಿಕೊಂಡು ಬೇರೆಬೇರೆಯಾಗಿ ಇರುತ್ತವೆ. ಅದಕ್ಕೇ ಹಾಲು ಹಾಲಾಗಿ ಉಳಿದಿರುವುದು.

ಈಗ ಹುಳಿಯ ವಿಷಯ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಹೈಡ್ರೋಜನ್ ಬಿಡುತ್ತದೆ. ಖಾಲಿ ಇದ್ದ ಕುಚ್ಚುಗಳ ಮೇಲೆ ಅದು ಮತ್ತೆ ಬಂದು ಕೂರುತ್ತದೆ, ಋಣ ವಿದ್ಯುತ್ ಅಳಿಯುತ್ತದೆ. ತಾಜಾ ಹಸುವಿನ ಹಾಲಿನ ಪಿಎಚ್ 6.6ರಿಂದ 6.8. ಅದು 4.6ಕ್ಕೆ ಇಳಿದಾಗ ಧನ, ಋಣ ಸರಿಸಮವಾಗಿ, ದೂಡುವ ಶಕ್ತಿ ಇಲ್ಲವಾಗಿ, ಉಂಡೆಗಳು ಒಂದಕ್ಕೊಂದು ಅಂಟುತ್ತವೆ. ನೀವು ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ನೋಡುವ ಗಟ್ಟಿ ಮೊಸರು ಇದೇ. ಕಾಯಿಸಿದರೆ ಇಷ್ಟು ಹುಳಿಯೂ ಬೇಕಿಲ್ಲ. ಅದಕ್ಕೇ ನೋಡಲು ಚೆನ್ನಾಗಿದ್ದ ಹಾಲು ಒಲೆಯ ಮೇಲೆ ಕೈಕೊಡುತ್ತದೆ.

ಡೇರಿಯಲ್ಲಿ ಹಾಕುವ ಆಲ್ಕೋಹಾಲ್ ಉಂಡೆಗಳ ಸುತ್ತಲಿನ ನೀರಿನ ಪದರವನ್ನು ಕಿತ್ತುಕೊಳ್ಳುತ್ತದೆ, ದೂಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಗಟ್ಟಿಮುಟ್ಟಾದ ಹಾಲು ತಡೆದುಕೊಳ್ಳುತ್ತದೆ; ದುರ್ಬಲವಾದದ್ದು ಒಡೆಯುತ್ತದೆ. ಆದರೆ ದುರ್ಬಲವಾಗಲು ಹುಳಿಯೊಂದೇ ಕಾರಣವಲ್ಲ. ಕೆಚ್ಚಲು ಬಾವು ಇದ್ದರೆ, ಕರು ಹಾಕಿದ ಹೊಸತರಲ್ಲಿ, ಬತ್ತುವ ಕಾಲದಲ್ಲಿ ಹಾಲಿನ ಲವಣಗಳ ಸಮತೋಲನ ತಪ್ಪಿಯೂ ಒಡೆಯಬಹುದು. ಹಾಗಾಗಿ ನಳಿಕೆಯಲ್ಲಿ ಒಡೆದ ಕೂಡಲೇ ತಂದವರನ್ನು ಅನುಮಾನದಿಂದ ನೋಡುವುದು ನನಗೆ ಸರಿಕಾಣುವುದಿಲ್ಲ.

ಕೆಲವರು ಅಡುಗೆ ಸೋಡಾ ಹಾಕುತ್ತಾರೆ ಎಂದು ಕೇಳಿದ್ದೇನೆ. ಸೋಡಾ ಹೈಡ್ರೋಜನ್ನನ್ನು ಕುಚ್ಚುಗಳಿಂದ ಕಿತ್ತು ತೆಗೆಯುತ್ತದೆ, ಋಣ ವಿದ್ಯುತ್ ಮರಳುತ್ತದೆ, ಹಾಲು ಒಡೆಯುವುದಿಲ್ಲ. ಆದರೆ ಬ್ಯಾಕ್ಟೀರಿಯಾ ಅಲ್ಲೇ ಇದೆ, ಬೆಳೆಯುತ್ತಲೇ ಇದೆ. ರೋಸಾಲಿಕ್ ಆಮ್ಲ ಹಾಕಿದರೆ ಸೋಡಾ ಇರುವ ಹಾಲು ಗುಲಾಬಿ ಕೆಂಪಾಗಿ ಸಿಕ್ಕಿಬೀಳುತ್ತದೆ. ಒಬ್ಬರ ಸೋಡಾದಿಂದ ಊರಿನ ಹಾಲೆಲ್ಲ ತಿರಸ್ಕೃತವಾಗಬಹುದು. ದಯವಿಟ್ಟು ಬೇಡ.

ಹುಳಿ ತಡೆಯುವ ದಾರಿ ಒಂದೇ: ಬ್ಯಾಕ್ಟೀರಿಯಾಕ್ಕೆ ಸಮಯ ಕೊಡಬಾರದು. ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ, ಅವಕ್ಕೆ ಬೇಕಾದ್ದೂ ಅದೇ. ಕ್ಯಾನಿನ ಮುಚ್ಚಳದ ಅಂಚು, ಕುತ್ತಿಗೆಯ ಒಳಭಾಗ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ನಿನ್ನೆ ಸಂಜೆ ಉಳಿದದ್ದನ್ನು ಬೆಳಗಿನ ಹಾಲಿಗೆ ಸುರಿಯಬೇಡಿ. ಡೇರಿಗೆ ತರುವಾಗ ಕ್ಯಾನ್ ಬಿಸಿಲಿನಲ್ಲಿ ಇಡಬೇಡಿ.

ಆ ಅಕ್ಕನ ಮನೆಗೆ ಮರುದಿನ ಹೋದೆ. ಎರಡೂ ಹಸುಗಳ ಹಾಲನ್ನು ಬೇರೆಬೇರೆ ನೋಡಿದೆ. ಒಂದರದು ಸರಿಯಿತ್ತು. ಇನ್ನೊಂದರ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆ ಬಟ್ಟಲಿಗೆ ಕರೆದು ಸಿಎಂಟಿ ದ್ರಾವಣ ಹಾಕಿದಾಗ ಹಿಂದಿನ ಬಲಮೊಲೆಯದು ಲೋಳೆಯಾಯಿತು. ಬಾವು ಒಳಗೇ ಇತ್ತು; ಹೊರಗೆ ಊತ ಇರಲಿಲ್ಲ. ಚಿಕಿತ್ಸೆ ಶುರುಮಾಡಿ, ಔಷಧದ ಚೀಟಿಯಲ್ಲಿ ಬರೆದಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ ಎಂದೆ. "ಹೋದ ಸಲ ಇಂಜೆಕ್ಷನ್ ಆದಾಗ ಮೊಸರೇ ಹೆಪ್ಪುಗಟ್ಟಲಿಲ್ಲ ಡಾಕ್ಟ್ರೇ" ಎಂದರು. ಹೌದು, ಹಾಲಿನಲ್ಲಿ ಉಳಿದ ಔಷಧ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹುಳಿ ಹುಟ್ಟುವುದಿಲ್ಲ, ಕುಚ್ಚುಗಳ ವಿದ್ಯುತ್ ಹಾಗೇ ಉಳಿಯುತ್ತದೆ.