ಶೇಂಗಾದ ವಿಷ, ಕ್ಯಾನ್ಸರಿನ ಮದ್ದು: ಕಟ್ಟುವ ಕಸುಬು ಒಂದೇ

1960ರಲ್ಲಿ ಇಂಗ್ಲೆಂಡಿನ ಫಾರ್ಮ್‌ಗಳಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೇವಿನಲ್ಲಿದ್ದದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದರ ವಿಷ ಅಫ್ಲಾಟಾಕ್ಸಿನ್.

ಒಂದು ಶಿಲೀಂಧ್ರ ಇದನ್ನು ಕಟ್ಟುವುದಾದರೂ ಹೇಗೆ? ಕಚ್ಚಾ ಮಾಲು ತೀರಾ ಸಾಮಾನ್ಯ: ಇಂಗಾಲದ ಪುಟ್ಟ ತುಣುಕುಗಳು. ನಮ್ಮ ದೇಹವೂ ಕೊಬ್ಬು ತಯಾರಿಸಲು ಅವನ್ನೇ ಬಳಸುತ್ತದೆ. ಪಾಲಿಕೀಟೈಡ್ ಸಿಂಥೇಸ್ ಎಂಬ ದೈತ್ಯ ಕಿಣ್ವ ಆರು ಇಂಗಾಲದ ತುಂಡೊಂದನ್ನು ಹಿಡಿದು, ಹೂ ಪೋಣಿಸಿದಂತೆ, ಎರಡೆರಡೇ ಇಂಗಾಲ ಸೇರಿಸುತ್ತದೆ. ಏಳು ಸುತ್ತು, 20 ಇಂಗಾಲದ ಸರ ಸಿದ್ಧ.

ಅಸಲಿ ಕರಾಮತ್ತು ಈಗ. ಕೊಬ್ಬು ಕಟ್ಟುವಾಗ ಪ್ರತಿ ಸುತ್ತಿನಲ್ಲೂ ಸರದಲ್ಲಿನ ಆಮ್ಲಜನಕ ತೆಗೆಯಲಾಗುತ್ತದೆ. ಇಲ್ಲಿ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಸರ ಮಹಾ ಚಂಚಲ. ಬಿಟ್ಟರೆ ಎಲ್ಲೆಂದರಲ್ಲಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಕಿಣ್ವದೊಳಗಿನ ಒಂದು ಪೊಟರೆ ಅದನ್ನು ಸರಿಯಾದ ಜಾಗದಲ್ಲೇ ಮಡಚುತ್ತದೆ. ನೀರು ಹೊರಬಿದ್ದು ಆರು ಇಂಗಾಲದ ಅರೋಮ್ಯಾಟಿಕ್ ಉಂಗುರಗಳು ಮೂಡುತ್ತವೆ. ಮುಂದೆ ಇನ್ನಷ್ಟು ಕಿಣ್ವಗಳು ತಿದ್ದಿ ತೀಡಿದರೆ ಅಫ್ಲಾಟಾಕ್ಸಿನ್.

ಅಂದಹಾಗೆ, ಇದು ಹುರಿದರೂ ಪೂರ್ತಿ ಹೋಗದು. ಬೂಷ್ಟು ಹಿಡಿದ ಶೇಂಗಾವನ್ನು ಒರೆಸಿ ತಿನ್ನಬೇಡಿ, ಎಸೆದುಬಿಡಿ.

ಇಂಥ ಸರವನ್ನು ಬ್ಯಾಕ್ಟೀರಿಯಾಗಳೂ ಕಟ್ಟುತ್ತವೆ, ಆದರೆ ಅವುಗಳ ಪದ್ಧತಿ ಸ್ವಲ್ಪ ಬೇರೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಪ್ಯೂಸೆಟಿಯಸ್ ಒಂದೇ ದೈತ್ಯ ಕಿಣ್ವವನ್ನು ನೆಚ್ಚುವುದಿಲ್ಲ. ಬಿಡಿ ಬಿಡಿ ಕಿಣ್ವಗಳ ತಂಡ ಕಟ್ಟುತ್ತದೆ. ಕೆಲವು ಸರದ ಉದ್ದ ನಿಗದಿ ಮಾಡುತ್ತವೆ, ಕೆಲವು ಮಡಚುತ್ತವೆ. ನಾಲ್ಕು ಉಂಗುರಗಳಾದ ಮೇಲೆ ಸಕ್ಕರೆಯ ತುಣುಕೊಂದು ಸೇರುತ್ತದೆ. ಹೀಗೆ ಹುಟ್ಟುವುದು ಡಾಕ್ಸೊರುಬಿಸಿನ್, ಸ್ತನ ಕ್ಯಾನ್ಸರಿಗೆ ಡ್ರಿಪ್‌ನಲ್ಲಿ ಕೊಡುವ ಕೆಂಪು ಔಷಧ. ಆ ಕೆಂಪಿಗೂ ಕಾರಣ ಇದೇ ಉಂಗುರಗಳು.