ಲಾಲ್‌ಬಾಗಿನ ಕೃಷಿಮುಖ

ಬಸವನಗುಡಿಯ ಪೂರ್ವದ ಅಂಚಿನಲ್ಲಿ ಹರಡಿಕೊಂಡಿರುವ ಲಾಲ್‌ಬಾಗನ್ನು ಪ್ರಾತಃಕಾಲದ ವಾಯುವಿಹಾರಕ್ಕೂ ಫಲಪುಷ್ಪ ಪ್ರದರ್ಶನಕ್ಕೂ ಮೀಸಲಾದ ವಿನೋದಸ್ಥಾನವೆಂದು ಬಗೆದಿರುವ ನಮ್ಮಲ್ಲಿ ಅನೇಕರಿಗೆ, ಬಯಲುಸೀಮೆಯ ಹೊಲಗಳ ಇಳುವರಿಯೊಡನೆ ಆ ತೋಟಕ್ಕಿರುವ ಸಂಬಂಧ ಅಷ್ಟಾಗಿ ಪರಿಚಿತವಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ಉದ್ಯಾನವು ಕಾಲಕ್ರಮದಲ್ಲಿ, ದೂರದೇಶಗಳ ಸಸ್ಯಗಳನ್ನು ತರಿಸಿ, ನಮ್ಮ ಹವೆಗೂ ಮಣ್ಣಿಗೂ ಅವು ಒಗ್ಗುವುವೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ, ಒಗ್ಗಿದುವನ್ನು ರೈತನ ಕೈಗೊಪ್ಪಿಸುವ ಪ್ರಯೋಗಭೂಮಿಯಾಗಿ ಪರಿಣಮಿಸಿತು. ಇಂದು ನಮ್ಮ ಹುಳಿ-ಪಲ್ಯಗಳಿಗೆ ಸಹಜವೆನಿಸಿರುವ ಸೀಮೆಬದನೆ, 1874ರಿಂದ 1908ರವರೆಗೆ ಇಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಬಂದುದು. ಅವರ ತರುವಾಯ ಕ್ರುಂಬಿಗಲ್ ಅವರೂ ಜವರಾಯರೂ ಆ ಪರಂಪರೆಯನ್ನು ಮುಂದುವರಿಸಿದರು.

ಆದರೆ ಉದ್ಯಾನದ ವಿದ್ಯೆಯನ್ನು ಅದರ ಆವರಣದಾಚೆಗೆ, ಹಳ್ಳಿಹಳ್ಳಿಗೂ ಕೊಂಡೊಯ್ದ ಶ್ರೇಯಸ್ಸು ವಿಶೇಷವಾಗಿ ಡಾ. ಎಂ.ಎಚ್. ಮರಿಗೌಡರದು. 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು ಬಂದು, 1963ರಲ್ಲಿ ತೋಟಗಾರಿಕೆ ಇಲಾಖೆಯ ನಿರ್ದೇಶಕರಾದ ಅವರು, ರಾಜ್ಯದಾದ್ಯಂತ ಮುನ್ನೂರಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಸ್ಥಾಪಿಸಿದರು. ನೆಡುವ ಸಸಿಯೇ ಜಾತಿಗೆಟ್ಟುದಾದರೆ, ಮುಂದೆ ಗೊಬ್ಬರಕ್ಕೂ ನೀರಿಗೂ ವೆಚ್ಚ ಮಾಡಿದುದೆಲ್ಲ ವ್ಯರ್ಥವಲ್ಲವೆ? ವಾಟೆಯಿಂದೆದ್ದ ಮಾವು ತಾಯಿಮರದ ಗುಣವನ್ನೇ ತಾಳುವುದೆಂಬ ಭರವಸೆಯಿಲ್ಲ. ಫಲಕ್ಕೆ ಬರಲು ಏಳೆಂಟು ವರ್ಷವೂ ಬೇಕು. ಪರೀಕ್ಷಿತವಾದ ತಾಯಿಮರದಿಂದ ಕಸಿಮಾಡಿದ ಬಾದಾಮಿಯೋ ರಸಪುರಿಯೋ ನಾಲ್ಕೈದು ವರ್ಷಗಳಲ್ಲಿಯೇ, ಗುಣಭೇದವಿಲ್ಲದೆ, ಫಲಕೊಡತೊಡಗುತ್ತದೆ.

ಮರಿಗೌಡರು ಒಣಭೂಮಿಯ ತೋಟಗಾರಿಕೆಗೆ ಕೊಟ್ಟ ಪ್ರಾಶಸ್ತ್ಯಕ್ಕೆ ಕಾರಣವು ಈ ನೆಲದ ಸ್ವಭಾವದಲ್ಲಿಯೇ ಇದೆ. ಸದಾ ಹರಿಯುವ ನದಿಯಿಲ್ಲದೆ ಕೆರೆಯನ್ನೂ ಮುಗಿಲನ್ನೂ ನಂಬಿದ ಕೋಲಾರದ ಕೆಂಪುಮಣ್ಣಿನ ಸೀಮೆಯಲ್ಲಿ, ಮಳೆ ಹಿಂದೆಗೆದ ವರ್ಷ ರಾಗಿಯ ಪೈರು ಬಾಡಿಹೋದರೂ, ಬೇರನ್ನು ಆಳಕ್ಕಿಳಿಸಿದ ಮಾವು ತಳದ ತೇವವನ್ನು ಹೀರಿ ಬದುಕಬಲ್ಲುದು. ಮೂವತ್ತಮೂರಡಿಗೊಂದರಂತೆ ಎಕರೆಗೆ ಸುಮಾರು 40 ಗಿಡಗಳನ್ನಿಟ್ಟು, ಮೊದಲ ಎರಡು ಮೂರು ಬೇಸಗೆಗಳಲ್ಲಿ ಪಾತಿಗೆ ನೀರುಣಿಸಿ, ತರಗೆಲೆ ಹೊದಿಸಿ ಕಾಪಾಡಿದರೆ, ನೆರಳು ಕೂಡಿಕೊಳ್ಳುವವರೆಗೆ ನಡುವಣ ನೆಲದಲ್ಲಿ ಹುರುಳಿಯನ್ನೋ ಅವರೆಯನ್ನೋ ನೆಲಗಡಲೆಯನ್ನೋ ಬೆಳೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಅಲ್ಪವಾದ ನೀರು, ಅಲ್ಪವಾದ ಬಂಡವಾಳ, ಅಲ್ಪವಾದ ಭೂಮಿ, ಇವುಗಳಿಂದ ದೀರ್ಘಕಾಲದ ಆದಾಯವನ್ನು ಪಡೆಯುವ ಕ್ರಮವಿದು. ಶ್ರೀನಿವಾಸಪುರದ ಸುತ್ತಲಿನ ಮಾವಿನ ತೋಪುಗಳು ಒಣಭೂಮಿಯ ಈ ಸಾಮರ್ಥ್ಯಕ್ಕೆ ಸಾಕ್ಷಿ.

ಬೆಳೆದುದು ಮಾರಾಟವಾಗದಿದ್ದರೆ ಹೆಚ್ಚಿನ ಇಳುವರಿಯೇ ರೈತನಿಗೆ ಹೊರೆಯಾಗುವುದು. ಎರಡು ದಿನ ತಡವಾದರೆ ಕೆಡುವ ದ್ರಾಕ್ಷಿಯನ್ನು ದಲ್ಲಾಳಿ ಹೇಳಿದ ಬೆಲೆಗೆ ಒಪ್ಪಿಸದೆ ಬೇರೆ ದಾರಿ ಕಾಣದಿದ್ದ ಬೆಳೆಗಾರರಿಗಾಗಿ 1959ರಲ್ಲಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಮಲ್ಲೇಶ್ವರದ ಗೃಹಿಣಿ ಅದರ ಮಳಿಗೆಯಲ್ಲಿ ತೂಗಿಸಿಕೊಳ್ಳುವ ಹುರುಳಿಕಾಯಿಗೂ ಲಾಲ್‌ಬಾಗಿನಲ್ಲಿರುವ ಸಂಘದ ಕೇಂದ್ರಕ್ಕೂ ಸಂಬಂಧವಿರುವುದು ಹೀಗೆ.

ಸಸಿಯ ಶುದ್ಧಿ, ನ್ಯಾಯವಾದ ಮಾರುಕಟ್ಟೆ, ಇವೆರಡರ ನಡುವೆ ಬೇಕಾಗುವ ಮಣ್ಣಿನ ಪರೀಕ್ಷೆ, ರೋಗದ ನಿವಾರಣೆ, ಈ ನಾಲ್ಕೂ ಒಂದೇ ಶ್ರೇಣಿಯ ಕೊಂಡಿಗಳೆಂಬುದೇ ಲಾಲ್‌ಬಾಗಿನ ಇತಿಹಾಸ ಕಲಿಸುವ ಪಾಠ. ಇಳುವರಿಯನ್ನು ಇಮ್ಮಡಿಸುವೆವೆಂದು ಹೊರಡುವ ಯಾವ ಯೋಜನೆಯೇ ಆಗಲಿ, ಈ ನಾಲ್ಕರಲ್ಲಿ ಯಾವುದನ್ನು ಕೈಬಿಟ್ಟಿದೆಯೆಂದು ಮೊದಲು ವಿಚಾರಿಸಿ ನೋಡುವುದು ಒಳಿತು.